ಒಂದು ಬೋರ್, ನಾಲ್ಕು ಮನೆ: ಪಾಲಿನ ನೀರಿನ ಜಗಳ ಅರ್ಥ ಮಾಡಿಕೊಳ್ಳೋದು ಹೇಗೆ?

ಮಾರ್ಚ್ ಬಂತೆಂದರೆ ಪುಣೆಯ ಅಂಚಿನ ಓಣಿಗಳಲ್ಲಿ ಬೆಳಗಿನ ಮಾತು ಶುರುವಾಗುವುದೇ ಹೀಗೆ. "ಕಾಕಾ, ಇವತ್ತು ಮೋಟಾರ್ ಯಾಕೆ ಹಚ್ಚಿಲ್ಲ?" "ಹಚ್ಚಿದ್ದೆನಲ್ಲ, ನಿಮ್ಮ ಟಾಕಿ ತುಂಬಿ ಹರಿದು ರಸ್ತೆಗೆ ಬಂದಿತ್ತು." ಇಲ್ಲಿಂದ ಶುರುವಾದ ಮಾತು ಮೇ ತಿಂಗಳ ಹೊತ್ತಿಗೆ ಪೊಲೀಸ್ ಚೌಕಿಯವರೆಗೆ ಹೋದರೂ ಆಶ್ಚರ್ಯವಿಲ್ಲ.

ಪುಣೆ ಮಹಾನಗರ ಪಾಲಿಕೆಗೆ 2017ರಲ್ಲಿ 11 ಹಳ್ಳಿ, 2021ರಲ್ಲಿ 23 ಹಳ್ಳಿ ಸೇರಿದವು. ಹಳ್ಳಿ ಹೆಸರಿಗೆ ಶಹರವಾಯಿತು, ನಳದ ನೀರು ಮಾತ್ರ ಅದೇ ವೇಗದಲ್ಲಿ ಬರಲಿಲ್ಲ. ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದ ಕೆಲಸಕ್ಕೆ ಬಂದ ಎಷ್ಟೋ ಕನ್ನಡದ ಕುಟುಂಬಗಳು ಇಂಥ ಕಡೆಯೇ ಒಂದು ಗುಂಠೆ, ಎರಡು ಗುಂಠೆ ಜಾಗ ಹಿಡಿದು ಮನೆ ಕಟ್ಟಿಕೊಂಡಿವೆ. ಒಂದು ಗುಂಠೆ ಅಂದರೆ 33 ಅಡಿಗೆ 33 ಅಡಿ, ಅಂದರೆ 1,089 ಚದರ ಅಡಿ. ಇಷ್ಟರಲ್ಲಿ ಮನೆ ಕಟ್ಟಿದ ಮೇಲೆ ಬೋರ್ ಕೊರೆಯುವ ಲಾರಿ ನಿಲ್ಲಲೂ ಜಾಗ ಇರುವುದಿಲ್ಲ. ಹಾಗಾಗಿ ನಾಲ್ಕೈದು ಮನೆಗೆ ಒಂದೇ ಬೋರ್. ಜನವರಿ 2025ರಲ್ಲಿ ಸಿಂಹಗಡ ರಸ್ತೆಯ ನಾಂದೇಡ್, ಕಿರ್ಕಟವಾಡಿ, ಧಾಯರಿ ಸುತ್ತ ಗಿಲ್ಲೆನ್ ಬಾರೆ ಸಿಂಡ್ರೋಮ್ (ಜಿಬಿಎಸ್) ಎಂಬ ನರಗಳ ಕಾಯಿಲೆ ಕಾಣಿಸಿಕೊಂಡಾಗ ಅನುಮಾನ ನೀರಿನ ಮೇಲೆ ಬಿತ್ತು. ಬಾವಿ, ಬೋರ್, ಟ್ಯಾಂಕರ್ ನೀರಿನ ಪರೀಕ್ಷೆ ನಡೆಯಿತು. ನಮ್ಮ ಮನೆಗೆ ಬರುವ ನೀರು ಯಾರದು, ಅದಕ್ಕೆ ಜವಾಬ್ದಾರಿ ಯಾರು ಎಂಬ ಪ್ರಶ್ನೆಯನ್ನು ಎಷ್ಟೋ ಜನ ಆಗ ಮೊದಲ ಸಲ ಕೇಳಿದರು.

## ಖಾಸಗಿ ನೀರು ಅಂದರೆ ಯಾವುದು

ಖಡಕ್ವಾಸ್ಲಾ, ಪಾನ್‌ಶೇತ್, ವರಸ್‌ಗಾಂವ್, ಟೆಮ್‌ಘರ್ ಅಣೆಕಟ್ಟುಗಳ ನೀರು ಪಾಲಿಕೆಯ ಪೈಪಿನಲ್ಲಿ ಮನೆಗೆ ಬಂದರೆ ಅದು ಸಾರ್ವಜನಿಕ ನೀರು. ಬರದಿದ್ದರೆ ದೂರು ಕೊಡಲು ಒಂದು ಕಚೇರಿ ಇದೆ. ಯಾರದೋ ಜಾಗದ ಬಾವಿಯಿಂದಲೋ ಬೋರಿನಿಂದಲೋ ಮೋಟಾರ್ ಹಾಕಿ ಎತ್ತಿ, ನಾಲ್ಕು ಮನೆ ಹಂಚಿಕೊಂಡರೆ ಅದು ಖಾಸಗಿ. ಇಲ್ಲಿ ದೂರು ಕೇಳುವ ಎಂಜಿನಿಯರ್ ಇಲ್ಲ. ಇರುವುದು ಪಕ್ಕದ ಮನೆಯವರು ಮಾತ್ರ.

ಹಂಚಿಕೆ ಶುರುವಾಗುವ ಬಗೆಯೂ ಒಂದೇ ಅಲ್ಲ. ಕೆಲವು ಕಡೆ ಜಮೀನಿನ ಮೂಲ ಮಾಲೀಕರು ತಮ್ಮ ಬೋರಿನಿಂದ ಪ್ಲಾಟ್ ಕೊಂಡವರಿಗೆ ಬಾಯಿ ಮಾತಿನ ಮೇಲೆ ಪೈಪ್ ಕೊಟ್ಟಿರುತ್ತಾರೆ. ಕೆಲವು ಕಡೆ ಪ್ಲಾಟ್ ಮಾರಿದವನೇ ಖಾಲಿ ಜಾಗದಲ್ಲಿ ಬೋರ್ ಹಾಕಿಸಿ "ಇದು ಎಲ್ಲರದು" ಎಂದು ಹೇಳಿ ಹೋಗಿರುತ್ತಾನೆ. ಹಳೆಯ ಹೊಲದ ಬಾವಿ ಇದ್ದರೆ ಅಣ್ಣತಮ್ಮಂದಿರ ಪಾಲು, ಅವರಿಂದ ಕೊಂಡವರ ಪಾಲು ಹೀಗೆ ಒಡೆದು ಒಡೆದು ಹೋಗಿರುತ್ತದೆ. ನೀರು ಎಲ್ಲ ಕಡೆ ಒಂದೇ ಥರ ಬರುತ್ತದೆ. ಕಾನೂನಿನ ಕಣ್ಣಿಗೆ ಮಾತ್ರ ಇವು ಬೇರೆ ಬೇರೆ.

ಮುಂದಿನ ಮಾತಿಗೆ ಅನುಕೂಲವಾಗಲಿ ಎಂದು ನಾಲ್ಕು ಮನೆಗಳನ್ನು ಕಲ್ಪಿಸಿಕೊಳ್ಳೋಣ. ಬೋರ್ ಇರುವುದು ಊರಿನವರೇ ಆದ ಕಾಕಾ ಅವರ ಅಂಗಳದಲ್ಲಿ, ಅವರ ಮನೆಯಲ್ಲಿ 5 ಜನ. ಪಕ್ಕದಲ್ಲಿ ವಿಜಯಪುರದ ಅಣ್ಣ, 4 ಜನ. ಆಚೆ ನಿವೃತ್ತ ಟೀಚರಬಾಯಿ ಮತ್ತು ಅವರ ಯಜಮಾನರು, ಇಬ್ಬರೇ. ಕೊನೆಗೆ ಮೂರು ಮಹಡಿ ಏರಿಸಿ ಬಾಡಿಗೆಗೆ ಕೊಟ್ಟ ಮನೆ, 14 ಜನ.

## ನೆಲದ ಕೆಳಗೆ ಏನಿದೆ

ಪುಣೆ ಕೂತಿರುವುದು ಡೆಕ್ಕನ್ ಟ್ರ್ಯಾಪ್ ಎನ್ನುವ ಕಪ್ಪು ಕಲ್ಲಿನ ಮೇಲೆ. ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಉಕ್ಕಿ, ಹರಿದು, ಆರಿ, ಅದರ ಮೇಲೆ ಮತ್ತೆ ಹರಿದು ಆದ ಪದರಗಳು ಇವು. ಒಂದರ ಮೇಲೊಂದು ಪೇರಿಸಿಟ್ಟ ಖಡಕ್ ಜೋಳದ ರೊಟ್ಟಿಯನ್ನು ನೆನಪಿಸಿಕೊಳ್ಳಿ. ರೊಟ್ಟಿಯೊಳಗೆ ನೀರು ಇಳಿಯುವುದಿಲ್ಲ. ಎರಡು ರೊಟ್ಟಿಯ ನಡುವಿನ ಸಂದಿ, ಅಲ್ಲಲ್ಲಿ ಬಿಟ್ಟ ಬಿರುಕು, ಅಷ್ಟರಲ್ಲೇ ಇಳಿಯಬೇಕು, ಅಷ್ಟರಲ್ಲೇ ನಿಲ್ಲಬೇಕು. ಬಸಾಲ್ಟ್ ಎನ್ನುವ ಈ ಕಪ್ಪು ಕಲ್ಲಿನಲ್ಲೂ ನೀರು ಇರುವುದು ಮೇಲಿನ ಸವೆದ ಮುರುಮಿನಲ್ಲಿ, ಬಿರುಕುಗಳಲ್ಲಿ ಮತ್ತು ಪದರಗಳ ಸಂದಿಯಲ್ಲಿ.

ಒಂದೇ ಅಂಗಳದಲ್ಲಿ ಒಂದು ಬೋರಿಗೆ ನೀರು ಬಂದು, ಇಪ್ಪತ್ತು ಅಡಿ ಆಚೆಯದು ಬರೀ ಧೂಳು ಉಗುಳುವುದು ಇದಕ್ಕೇ. ತೆಂಗಿನಕಾಯಿ ಹಿಡಿದು ನಡೆದವರ ತಪ್ಪೂ ಅಲ್ಲ, ಪುಣ್ಯವೂ ಅಲ್ಲ. ಬಿರುಕು ಸಿಕ್ಕಿತೋ ಇಲ್ಲವೋ, ಅಷ್ಟೇ. ಈ ಕಲ್ಲು ಹಿಡಿದಿಡುವ ನೀರೂ ಕಡಿಮೆ. ಪುಣೆ ಶಹರದಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೀಳುತ್ತದೆ. ಆಗ ತುಂಬಿದ ಸಂದಿಗಳು ದೀಪಾವಳಿವರೆಗೆ ಚೆನ್ನಾಗಿರುತ್ತವೆ, ಹೋಳಿ ಹೊತ್ತಿಗೆ ಸೊರಗುತ್ತವೆ.

ಇನ್ನೊಂದು ಸಂಗತಿ. ಮೋಟಾರ್ ಓಡುವಾಗ ಬೋರಿನ ಸುತ್ತ ನೀರಿನ ಮಟ್ಟ ಕೆಳಗಿಳಿಯುತ್ತದೆ, ಬೋರಿನ ಹತ್ತಿರ ಜಾಸ್ತಿ, ದೂರ ಹೋದಂತೆ ಕಡಿಮೆ. ಪಕ್ಕದ ಬೋರ್ ಅದೇ ಬಿರುಕಿನಲ್ಲಿದ್ದರೆ ಅದರ ನೀರೂ ಇಳಿಯುತ್ತದೆ. "ನನ್ನ ಬೋರ್ ಬೇರೆ, ನಿಮ್ಮದು ಬೇರೆ" ಎನ್ನುವ ಮಾತು ನೆಲದ ಮೇಲೆ ನಿಜ, ನೆಲದ ಕೆಳಗೆ ಅರ್ಧ ಸುಳ್ಳು.

## ಆ ನೀರು ಯಾರದು

ಮಹಾರಾಷ್ಟ್ರದಲ್ಲಿ ಈ ಪ್ರಶ್ನೆಗೆ ಇಂದಿಗೂ ತೆರೆಯುವ ಕಾಯಿದೆ ಬ್ರಿಟಿಷರ ಕಾಲದ್ದು, 1882ರ ಭಾರತೀಯ ಈಸ್ಮೆಂಟ್ ಕಾಯಿದೆ. ಒಬ್ಬರ ಜಾಗಕ್ಕೆ ಇನ್ನೊಬ್ಬರ ಜಾಗದ ಮೇಲೆ ಇರುವ ಹಕ್ಕಿಗೆ ಈಸ್ಮೆಂಟ್ ಅನ್ನುತ್ತಾರೆ. ಪಕ್ಕದವರ ಹೊಲದಲ್ಲಿ ಹಾದು ಹೋಗುವ ದಾರಿ, ಅವರ ನೆಲದಡಿ ಹಾಯ್ದು ಬರುವ ಪೈಪ್, ಅವರ ಒರತೆಯಿಂದ ಮನೆಗೆ ನೀರು ತರುವುದು, ಇವೆಲ್ಲ ಅದಕ್ಕೆ ಉದಾಹರಣೆ.

ಈ ಕಾಯಿದೆಯ 7ನೇ ಕಲಂ ಪ್ರಕಾರ, ಗೊತ್ತಾದ ಕಾಲುವೆಯಲ್ಲಿ ಹರಿಯದೆ ನೆಲದಡಿ ಹರಡಿಕೊಂಡಿರುವ ನೀರನ್ನು ಆ ಜಾಗದ ಮಾಲೀಕ ತನ್ನ ಗಡಿಯೊಳಗೆ ಎತ್ತಿಕೊಳ್ಳಬಹುದು. ಇದರ ಬೇರು ಇಂಗ್ಲೆಂಡಿನಲ್ಲಿದೆ. 1843ರಲ್ಲಿ ಅಲ್ಲೊಂದು ಗಿರಣಿಯ ಬಾವಿ ಪಕ್ಕದ ಕಲ್ಲಿದ್ದಲು ಗಣಿಯಿಂದಾಗಿ ಬತ್ತಿತು. ಗಿರಣಿಯವನಿಗೆ ಪರಿಹಾರ ಸಿಗಲಿಲ್ಲ. ನೆಲದಡಿಯ ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಯಾರಿಗೂ ಕಾಣದ ಕಾಲ ಅದು. ಆ ಕಾಲದ ನ್ಯಾಯ ನಮ್ಮ ಅಂಗಳಕ್ಕೂ ಬಂತು.

ಹಾಗಾದರೆ ಪಕ್ಕದವರು ಹೊಸ ಬೋರ್ ಕೊರೆಸಿ ನಮ್ಮದು ಒಣಗಿದರೆ? ಹಳೆಯ ಕಾಯಿದೆ ನಮ್ಮ ಕೈಯಲ್ಲಿ ಹೆಚ್ಚೇನೂ ಇಡುವುದಿಲ್ಲ. ಗೊತ್ತಾದ ಹಾದಿಯಿಲ್ಲದ ನೆಲದಡಿಯ ನೀರಿನ ಮೇಲೆ ಎಷ್ಟೇ ವರ್ಷ ಬಳಸಿದರೂ ರೂಢಿಯಿಂದ ಹಕ್ಕು ಹುಟ್ಟುವುದಿಲ್ಲ ಎಂದು 17ನೇ ಕಲಂ ಹೇಳುತ್ತದೆ. ಆಮೇಲೆ ಮಹಾರಾಷ್ಟ್ರ ಅಂತರ್ಜಲ (ಅಭಿವೃದ್ಧಿ ಮತ್ತು ನಿರ್ವಹಣೆ) ಕಾಯಿದೆ 2009 ಬಂತು, 2014ರಲ್ಲಿ ಜಾರಿಯಾಯಿತು. ಅದು 60 ಮೀಟರ್‌ಗಿಂತ, ಅಂದರೆ ಸುಮಾರು 200 ಅಡಿಗಿಂತ ಆಳದ ಬಾವಿಗಳಿಗೆ ಕಡಿವಾಣ ಹಾಕುತ್ತದೆ. ಅಧಿಸೂಚಿತ, ಅಂದರೆ ಅಧಿಸೂಚನೆ ಹೊರಡಿಸಿ ಗುರುತಿಸಿದ ಪ್ರದೇಶಗಳಲ್ಲಿ ಇದು ಬಿಗಿ. ಬಾವಿ ಮಾಲೀಕರ ನೋಂದಣಿಗೂ ಅವಕಾಶ ಮಾಡಿದೆ. ನೆರೆಯವರ ಹೊಸ ಬೋರಿನ ಬಗ್ಗೆ ತಕರಾರಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ಇದು: ಈ ಪ್ರದೇಶ ಅಧಿಸೂಚಿತವೇ, ಬೋರ್ ಎಷ್ಟು ಆಳ?

## ಅನುಮತಿ ಬೇರೆ, ಹಕ್ಕು ಬೇರೆ

ಪಾಲಿನ ನೀರಿನ ಬಹುಪಾಲು ಜಗಳ ನಿಂತಿರುವುದು ಇಲ್ಲಿ. ಇದನ್ನು ನಿಧಾನವಾಗಿ ನೋಡೋಣ.

ಕಾಕಾ "ತಗೋರಿ, ನೀರಿಗೇನು ಬಡತನ" ಎಂದು ಟೀಚರಬಾಯಿಗೆ ಪೈಪ್ ಕೊಟ್ಟರು. ಕಾಗದವಿಲ್ಲ. ಕಾನೂನಿನಲ್ಲಿ ಇದು ಲೈಸೆನ್ಸ್, ಅಂದರೆ ಬರೀ ಅನುಮತಿ. ಕೊಟ್ಟವರು ಹಿಂದಕ್ಕೆ ತೆಗೆದುಕೊಳ್ಳಬಹುದು. ಅದಕ್ಕಿಂತ ದೊಡ್ಡ ತೊಡಕು 59ನೇ ಕಲಂನಲ್ಲಿದೆ. ಕಾಕಾ ಮನೆ ಮಾರಿದರೆ, ಕೊಂಡವರು ಆ ಅನುಮತಿಗೆ ಕಟ್ಟುಬಿದ್ದವರಲ್ಲ. ಹದಿನೈದು ವರ್ಷ ಒಂದು ಮಾತೂ ಇಲ್ಲದೆ ನಡೆದ ನೀರು, ಮನೆ ಕೈ ಬದಲಾದ ತಿಂಗಳಲ್ಲೇ ನಿಂತು ಹೋಗುವುದು ಇದಕ್ಕೇ. ಹೊಸಬರು ಕೆಟ್ಟವರಿರಬೇಕಿಲ್ಲ. ಅವರು ಕೊಂಡ ಕಾಗದದಲ್ಲಿ ಟೀಚರಬಾಯಿಯ ಹೆಸರೇ ಇಲ್ಲ, ಅಷ್ಟೇ.

ಈಸ್ಮೆಂಟ್ ಹಾಗಲ್ಲ. ಅದು ವ್ಯಕ್ತಿಗೆ ಸೇರಿದ್ದಲ್ಲ, ಜಾಗಕ್ಕೆ ಅಂಟಿಕೊಂಡದ್ದು. ಮನೆ ಮಾರಿದರೆ ಹಕ್ಕೂ ಜೊತೆಗೆ ಹೋಗುತ್ತದೆ. ಬೋರ್ ಇರುವ ಜಾಗ ಮಾರಿದರೂ ಹೊರೆ ಅದರ ಮೇಲೇ ಉಳಿಯುತ್ತದೆ. ಇದು ಹುಟ್ಟಲು ಮುಖ್ಯವಾಗಿ ಎರಡು ದಾರಿ. ಒಂದು, ಬರೆದು ಕೊಡುವುದು. ಇನ್ನೊಂದು, 15ನೇ ಕಲಂನ ರೂಢಿ: 20 ವರ್ಷ ಎಡೆಬಿಡದೆ, ಬಹಿರಂಗವಾಗಿ, ತಂಟೆಯಿಲ್ಲದೆ, ನನ್ನ ಹಕ್ಕು ಎಂಬಂತೆ ಬಳಸಿರಬೇಕು. ಜಾಗ ಸರಕಾರದ್ದಾದರೆ 30 ವರ್ಷ.

"ಹಕ್ಕು ಎಂಬಂತೆ" ಅನ್ನುವ ಷರತ್ತಿನಲ್ಲಿ ಒಂದು ತಮಾಷೆ ಇದೆ. ಟೀಚರಬಾಯಿ ಒಳ್ಳೆಯವರು. ಪ್ರತಿ ಯುಗಾದಿಗೆ ಹೋಳಿಗೆ ಕೊಟ್ಟು "ಕಾಕಾ, ಈ ವರ್ಷವೂ ನೀರು ಬಿಡ್ತೀರಲ್ಲಾ?" ಎಂದು ಕೇಳುತ್ತಾ ಬಂದರು. ಕೇಳಿದರು ಅಂದರೆ ಅನುಮತಿ ಪಡೆದರು ಎಂದಾಯಿತು. ಹಾಗೆ 25 ವರ್ಷ ಕಳೆದರೂ ರೂಢಿಯ ಹಕ್ಕು ಹುಟ್ಟುವುದಿಲ್ಲ. ಯಾರನ್ನೂ ಕೇಳದೆ ಬಾವಿಗೆ ಹಗ್ಗ ಬಿಟ್ಟು ಸೇದಿದವನಿಗೆ ಹುಟ್ಟಬಹುದು. ವಿನಯಕ್ಕೆ ಕಾನೂನಿನಲ್ಲಿ ಅಂಕ ಕಡಿಮೆ ಎಂದು ಬೇಸರ ಪಡಬಹುದು. ಆದರೆ ಹೀಗಿರದಿದ್ದರೆ ನೆರೆಯವರಿಗೆ ಒಂದು ಕೊಡ ನೀರು ಕೊಡಲೂ ಜನ ಹೆದರುತ್ತಿದ್ದರು, ಅಲ್ವಾ?

17ನೇ ಕಲಂ ನೆಲದಡಿಯ ನೀರಿಗೆ ರೂಢಿ ಇಲ್ಲ ಅನ್ನುತ್ತದೆ, 15ನೇದು 20 ವರ್ಷಕ್ಕೆ ಹಕ್ಕು ಅನ್ನುತ್ತದೆ. ಎರಡೂ ಹೇಗೆ ನಿಜ? ಪಕ್ಕದವರ ಬಾವಿಗೆ ಹೋಗಿ ಅಲ್ಲಿ ಕೂಡಿದ ನೀರು ತರುವುದು ಒಂದು. ನೆಲದಡಿಯ ನೀರು ನನ್ನ ಬೋರಿಗೆ ಬರಲೇಬೇಕು, ನೀವು ನಡುವೆ ಎತ್ತಬಾರದು ಎನ್ನುವುದು ಇನ್ನೊಂದು. ಮೊದಲಿನದಕ್ಕೆ ಹಕ್ಕು ಹುಟ್ಟಬಹುದು, ಎರಡನೆಯದಕ್ಕೆ ಇಲ್ಲ.

ಇವೆರಡರ ನಡುವೆ ಒಂದು ಜಾಗ ಇದೆ. ವಿಜಯಪುರದ ಅಣ್ಣ ಕಾಕಾರ ಮಾತಿನ ಮೇಲೆ ನಂಬಿಕೆಯಿಟ್ಟು ಬೋರ್ ಕೊರೆಯುವ ಖರ್ಚಿನಲ್ಲಿ ಪಾಲು ಕೊಟ್ಟರು, ಸ್ವಂತ ದುಡ್ಡಲ್ಲಿ ನೆಲ ಅಗೆದು ಪೈಪ್ ಹೂಳಿಸಿದರು ಅಂತಿಟ್ಟುಕೊಳ್ಳಿ. ಅನುಮತಿ ನಂಬಿ ಶಾಶ್ವತ ಸ್ವರೂಪದ ಕೆಲಸ ಮಾಡಿ ಖರ್ಚು ಮಾಡಿದ್ದರೆ ಅಂಥ ಲೈಸೆನ್ಸನ್ನು ಹಿಂದೆ ಪಡೆಯುವಂತಿಲ್ಲ ಎಂದು 60ನೇ ಕಲಂ ಹೇಳುತ್ತದೆ. ಯಾವುದು ಶಾಶ್ವತ, ಯಾವುದು ಅಲ್ಲ ಎಂಬುದನ್ನು ಕೋರ್ಟು ಆಯಾ ಸಂದರ್ಭ ನೋಡಿ ತೀರ್ಮಾನಿಸುತ್ತದೆ. ಆದ್ದರಿಂದ ಬೋರಿನವನಿಗೆ ಕೊಟ್ಟ ದುಡ್ಡಿನ ರಸೀದಿ, ಯುಪಿಐ ದಾಖಲೆ, ಪೈಪ್ ಅಂಗಡಿಯ ಬಿಲ್ ಎಸೆಯಬಾರದು. ದುಡ್ಡು ಕೊಟ್ಟು ಪಡೆದ ಅನುಮತಿಯನ್ನು ನಮ್ಮ ತಪ್ಪಿಲ್ಲದೆ ಅವಧಿಗೆ ಮುಂಚೆ ಕಿತ್ತುಕೊಂಡರೆ 64ನೇ ಕಲಂನಡಿ ಪರಿಹಾರವನ್ನೂ ಕೇಳಬಹುದು.

## ಕಾಗದದಲ್ಲಿ ಎಲ್ಲಿ ನೋಡಬೇಕು

ಮೊದಲು ಖರೇದಿ ಪತ್ರ. ಅದರ ಕೊನೆಯಲ್ಲಿ ಆಸ್ತಿಯ ವಿವರ ಇರುವ ಕಡೆ ಬಾವಿ, ಬೋರ್, ನೀರು, ಪೈಪ್ ಎಂಬ ಮಾತು ಇದೆಯೇ ನೋಡಿ. ಆಮೇಲೆ ಸಾತ್‌ಬಾರಾ ಉತಾರಾ, ಅಂದರೆ ನಮ್ಮ ಕಡೆಯ ಪಹಣಿಯಂಥ ಜಮೀನಿನ ದಾಖಲೆ. ಅದರಲ್ಲಿ 'ಇತರ ಹಕ್ಕ' ಅನ್ನುವ ಕಾಲಂ ಇರುತ್ತದೆ. ಹಳೆಯ ಬಾವಿಯ ಪಾಲು ದಾಖಲಾಗಿದ್ದರೆ ಅಲ್ಲಿ ಸಿಗುತ್ತದೆ. ಬಾವಿಯಲ್ಲೇ ನಿಮ್ಮ ಪಾಲಿದ್ದರೆ ನೀವು ಅನುಮತಿ ಕೇಳುವವರಲ್ಲ, ಸಹಮಾಲೀಕರು. ಉಳಿದ ಪಾಲುದಾರರು ನಿಮ್ಮನ್ನು ಹೊರಗಿಡುವಂತಿಲ್ಲ.

ಪುಣೆಯ ದಸ್ತಾವೇಜುಗಳು ಹೆಚ್ಚಾಗಿ ಮರಾಠಿಯಲ್ಲಿ. ಮಾತಾಡಲು ಬರುವ ಮರಾಠಿಗೂ ದಸ್ತಿನ ಮರಾಠಿಗೂ ಬಹಳ ದೂರ. ಸಹಿ ಹಾಕುವ ಮುಂಚೆ ಬಲ್ಲವರಿಂದ ಸಾಲು ಸಾಲು ಓದಿಸಿಕೊಳ್ಳಿ, ನಾಚಿಕೆ ಬೇಡ.

## ಮೋಟಾರ್, ಮೀಟರ್, ವಾಲ್ವ್

ಹಕ್ಕು ಇತ್ಯರ್ಥವಾದರೂ ಜಗಳ ಮುಗಿಯುವುದಿಲ್ಲ. ದಿನದ ಕಿರಿಕಿರಿ ಇರುವುದು ಮೂರು ವಸ್ತುಗಳಲ್ಲಿ.

ಮೊದಲು ವಾಲ್ವ್. ಬೋರಿನಿಂದ ಬಂದ ಪೈಪ್ ಒಂದು ಟೀ ಜಾಯಿಂಟಿನಲ್ಲಿ ಒಡೆದು ಎರಡು ಟಾಕಿಗೆ ಹೋಗುತ್ತದೆ ಅನ್ನಿ. ಕಾಕಾರ ಟಾಕಿ 12 ಅಡಿ ಎತ್ತರದಲ್ಲಿದೆ, ಮೂರು ಮಹಡಿಯವರದು 40 ಅಡಿ ಎತ್ತರದಲ್ಲಿ. ಎರಡೂ ವಾಲ್ವ್ ತೆರೆದಿಟ್ಟರೆ ನೀರು ಸುಲಭದ ದಾರಿ ಹಿಡಿದು ಕೆಳಗಿನ ಟಾಕಿಗೇ ಹೋಗುತ್ತದೆ. ಮೇಲಿನವರು "ಇವರು ನಮ್ಮ ನೀರು ತಡೆದರು" ಅನ್ನುತ್ತಾರೆ. ಯಾರೂ ತಡೆದಿಲ್ಲ, ಎತ್ತರದ ಫರಕು ಅಷ್ಟೇ. ಇನ್ನೂ ಒಂದಿದೆ. ಮೇಲಿನ ಟಾಕಿಗೆ ನೀರು ತುಂಬುವ ಪೈಪ್ ತಳದಲ್ಲಿ ಸೇರಿದ್ದು, ನೀರು ಹಿಂದೆ ಹರಿಯದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಇಲ್ಲದಿದ್ದರೆ, ಮೋಟಾರ್ ನಿಂತ ಮೇಲೆ ಮೇಲಿನ ನೀರು ಅದೇ ಪೈಪಿನಲ್ಲಿ ಇಳಿದು ಕೆಳಗಿನ ಟಾಕಿ ಸೇರುತ್ತದೆ. ರಾತ್ರಿ ತುಂಬಿದ ಟಾಕಿ ಬೆಳಿಗ್ಗೆ ಅರ್ಧ. ಕಳ್ಳತನದ ಆರೋಪಕ್ಕೆ ಇಷ್ಟು ಸಾಕು. ಸಣ್ಣದೊಂದು ವಾಲ್ವ್ ಹಾಕಿಸಿದರೆ ಮುಗಿಯುವ ಜಗಳ ಇದು.

ಎರಡನೆಯದು ಪಾಳಿ. "ಎಲ್ಲರಿಗೂ ಅರ್ಧ ಗಂಟೆ" ಅನ್ನುವುದು ಕೇಳಲು ಸಮ, ಬೇಸಿಗೆಯಲ್ಲಿ ಸಮ ಅಲ್ಲ. ರಾತ್ರಿಯಿಡೀ ಬಿರುಕುಗಳಿಂದ ಒಸರಿದ ನೀರು ಬೋರಿನಲ್ಲಿ ಕೂಡಿರುತ್ತದೆ. ಬೆಳಿಗ್ಗೆ ಮೊದಲ ಪಾಳಿಯವರಿಗೆ ಅದು ತುಂಬು ಧಾರೆಯಲ್ಲಿ ಸಿಗುತ್ತದೆ. ನಾಲ್ಕನೆಯವರ ಹೊತ್ತಿಗೆ ಪೈಪಿನಲ್ಲಿ ಗಾಳಿ ಗೊರಗುಟ್ಟುತ್ತಿರುತ್ತದೆ. ನೀರಿಲ್ಲದೆ ಮೋಟಾರ್ ಓಡಿದರೆ ಸುಟ್ಟೂ ಹೋಗುತ್ತದೆ, ಆ ಖರ್ಚು ಯಾರ ತಲೆಗೆ ಎಂಬುದು ಮತ್ತೊಂದು ಜಗಳ. ಪಾಳಿಯ ಕ್ರಮವನ್ನೇ ದಿನ ದಿನಕ್ಕೆ ತಿರುಗಿಸುವುದು ಒಂದು ಉಪಾಯ. ಇದಕ್ಕಿಂತ ಒಳ್ಳೆಯದು ಎಲ್ಲ ನೀರನ್ನೂ ಒಂದೇ ದೊಡ್ಡ ಟಾಕಿಗೆ ಎತ್ತಿ, ಅಲ್ಲಿಂದ ಹೊರಡುವ ನಾಲ್ಕು ಪೈಪಿಗೂ ನೀರಿನ ಮೀಟರ್ ಕೂರಿಸುವುದು.

ಮೀಟರ್ ಯಾಕೆ? ಲೆಕ್ಕ ನೋಡಿ. ದೊಡ್ಡ ಶಹರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಮಾನದಂಡವಿದೆ. ನಾಲ್ಕು ಮನೆಯ 25 ಜನಕ್ಕೆ 3,375 ಲೀಟರ್ ಆಯಿತು. ಅದರಲ್ಲಿ ಟೀಚರಬಾಯಿಯ ಮನೆಯದು 270 ಲೀಟರ್, ನೂರಕ್ಕೆ 8. ಮೂರು ಮಹಡಿಯವರದು 1,890 ಲೀಟರ್, ನೂರಕ್ಕೆ 56. ಖರ್ಚನ್ನು ಮನೆಗೆ ನಾಲ್ಕರಲ್ಲೊಂದು ಪಾಲು ಎಂದು ಹಂಚಿದರೆ ಯಾರ ದುಡ್ಡಲ್ಲಿ ಯಾರು ಸ್ನಾನ ಮಾಡುತ್ತಿದ್ದಾರೆ ಎಂದು ಬಿಡಿಸಿ ಹೇಳಬೇಕಿಲ್ಲ.

ಬಾಡಿಗೆಯವರು ಬಂದು ಜನ ಹೆಚ್ಚಿದ ಪ್ರಶ್ನೆಗೆ ಕಾಯಿದೆಯಲ್ಲೂ ಉತ್ತರವಿದೆ. ತನ್ನ ಕಟ್ಟಡವನ್ನು ಬದಲಿಸಿಯೋ ಹೆಚ್ಚಿಸಿಯೋ ಈಸ್ಮೆಂಟಿನ ಹೊರೆಯನ್ನು ಗಣನೀಯವಾಗಿ ಏರಿಸುವಂತಿಲ್ಲ ಎಂದು 29ನೇ ಕಲಂ ಹೇಳುತ್ತದೆ. ಒಂದು ಮನೆಗೆ ಪಡೆದ ನೀರನ್ನು ಮೂರು ಮಹಡಿಗೆ ಎಳೆದರೆ ತಕರಾರು ಮಾಡಲು ಆಧಾರವಿದೆ.

ಮೂರನೆಯದು ಕರೆಂಟ್ ಬಿಲ್. ಇದರಲ್ಲಿ ಬೋರ್ ಮಾಲೀಕರಿಗೇ ಹೆಚ್ಚು ಅನ್ಯಾಯವಾಗುತ್ತದೆ, ಅವರಿಗೇ ಗೊತ್ತಿಲ್ಲದೆ. 3 ಎಚ್‌ಪಿ ಮೋಟಾರ್ ತನ್ನ ನಷ್ಟವೂ ಸೇರಿ ಗಂಟೆಗೆ ಸುಮಾರು 3 ಯೂನಿಟ್ ತಿನ್ನುತ್ತದೆ. ದಿನಕ್ಕೆ ಒಂದೂವರೆ ಗಂಟೆ ಓಡಿದರೆ ತಿಂಗಳಿಗೆ 135 ಯೂನಿಟ್. ಕಾಕಾರ ಮನೆಯ ಸ್ವಂತ ಬಳಕೆ 90 ಯೂನಿಟ್ ಇದ್ದರೆ, ಮೋಟಾರ್ ಸೇರಿ ಒಟ್ಟು 225. ಮಹಾರಾಷ್ಟ್ರದ ಸರಕಾರಿ ವಿದ್ಯುತ್ ಕಂಪನಿ ಮಹಾವಿತರಣದ ಮನೆ ದರದಲ್ಲಿ 100 ಯೂನಿಟ್‌ವರೆಗೆ ಒಂದು ಸ್ಲಾಬ್, 101ರಿಂದ 300ರವರೆಗೆ ಇನ್ನೊಂದು. ಎರಡನೆಯದರ ದರ ಮೊದಲಿನದಕ್ಕಿಂತ ಬಹಳ ಜಾಸ್ತಿ. ಮೋಟಾರಿನ 135ರಲ್ಲಿ 125 ಯೂನಿಟ್ ಆ ದುಬಾರಿ ಸ್ಲಾಬಿನಲ್ಲಿ ಬೀಳುತ್ತವೆ. ಆದರೆ ನೆರೆಯವರು ಕಾಕಾರ ಒಟ್ಟು ಬಿಲ್ಲಿನ ಸರಾಸರಿ ದರ ಹಿಡಿದು ದುಡ್ಡು ಕೊಡುತ್ತಾರೆ. ಕಾಕಾ ತಿಂಗಳು ತಿಂಗಳು ಕೈಯಿಂದ ಹಾಕುತ್ತಾರೆ, ಯಾಕೆಂದು ತಿಳಿಯದೆ ಸಿಡುಕುತ್ತಾರೆ. ಮೋಟಾರಿಗೆ ಸಬ್ ಮೀಟರ್ ಹಾಕಿ, ಮೋಟಾರ್ ಇಲ್ಲದಿದ್ದರೆ ಬಿಲ್ ಎಷ್ಟಾಗುತ್ತಿತ್ತು, ಈಗ ಎಷ್ಟು ಎಂಬ ವ್ಯತ್ಯಾಸವನ್ನು ಹಂಚಿಕೊಂಡರೆ ಲೆಕ್ಕ ಸರಿಹೋಗುತ್ತದೆ.

## ರಿಪೇರಿ ಯಾರ ಕೆಲಸ

ಕಾಯಿದೆ ಇಲ್ಲಿ ನೇರವಾಗಿದೆ. ಹಕ್ಕು ಇರುವವರು ತಮ್ಮ ಪೈಪ್ ರಿಪೇರಿಗೆ ನೆರೆಯವರ ಜಾಗಕ್ಕೆ ಹೋಗಬಹುದು, ಅಗೆಯಬಹುದು, ಕೆಲಸ ಮುಗಿದ ಮೇಲೆ ನೆಲ ಮೊದಲಿನಂತೆ ಮಾಡಿಕೊಡಬೇಕು. ಖರ್ಚು ಅವರದೇ. ಜಾಗದ ಮಾಲೀಕರು ಅಡ್ಡಿ ಮಾಡಬಾರದು, ಆದರೆ ತಾವಾಗಿ ಏನನ್ನೂ ಮಾಡಿಕೊಡಬೇಕಾಗಿಲ್ಲ. ಅಂದರೆ ಬೆಳಿಗ್ಗೆ ನಾಲ್ಕಕ್ಕೆದ್ದು ಮೋಟಾರ್ ಹಚ್ಚುವುದು ಕಾಕಾರ ಕರ್ತವ್ಯವಲ್ಲ. ಕರಾರಿನಲ್ಲಿ ಬರೆದಿದ್ದರೆ ಮಾತ್ರ ಆ ಮಾತು ಬೇರೆ.

## ನೀರಿನಲ್ಲಿ ದೋಷ ಬಂದರೆ

ಪಾಲಿನ ನೀರು ಕೆಟ್ಟರೆ ಎಲ್ಲ ಮನೆಗೂ ಒಟ್ಟಿಗೆ ಕೆಡುತ್ತದೆ. ಬಸಾಲ್ಟಿನ ಬಿರುಕು ನೀರನ್ನು ಸೋಸುವುದಿಲ್ಲ. ಶೌಚಗುಂಡಿಯ ಸೋರಿಕೆಯೂ ಅದೇ ದಾರಿಯಲ್ಲಿ ಬರಬಹುದು. ನೋಡಲು ತಿಳಿಯಾದ ನೀರಲ್ಲೂ ರೋಗಾಣು ಇರಬಹುದು. ಟಾಕಿಯಲ್ಲಿ 1,000 ಲೀಟರ್‌ಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಹಾಕಿ, ಕನಿಷ್ಠ ಅರ್ಧ ಗಂಟೆ ಬಿಟ್ಟು ಬಳಸುವುದು ಸಾಮಾನ್ಯ ಕ್ರಮ. ನಳದ ತುದಿಯಲ್ಲಿ ಲೀಟರ್‌ಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಕುಡಿಯುವ ನೀರನ್ನು ಕುದಿಸುವುದು ಇನ್ನೂ ಭದ್ರ. ಪೌಡರ್ ಯಾರು ತರಬೇಕು, ಯಾರು ಹಾಕಬೇಕು ಎನ್ನುವುದನ್ನು ಪಾಳಿಯ ಜೊತೆಗೇ ಗೊತ್ತು ಮಾಡಿಕೊಳ್ಳಿ. ಎಲ್ಲರ ಕೆಲಸ ಅಂದರೆ ಯಾರೂ ಮಾಡುವುದಿಲ್ಲ.

## ನೀರು ನಿಲ್ಲಿಸಿಬಿಟ್ಟರೆ ಎಲ್ಲಿಗೆ ಹೋಗಬೇಕು

ಸ್ಟಾರ್ಟರ್ ಪೆಟ್ಟಿಗೆಗೆ ಬೀಗ ಬಿತ್ತು. ಮೊದಲು ಬರುವ ಯೋಚನೆ ಬೀಗ ಒಡೆಯೋಣ ಅನ್ನುವುದೇ. ಬೇಡ. ಹಕ್ಕು ನಿಮ್ಮದೇ ಆಗಿದ್ದರೂ ಅಡ್ಡಿಯನ್ನು ನೀವೇ ತೆಗೆದುಹಾಕುವಂತಿಲ್ಲ ಎಂದು 36ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಬೀಗದ, ಪೈಪಿನ ಫೋಟೋ ತೆಗೆಯಿರಿ, ತಾರೀಖು ಬರೆದಿಡಿ.

ನೀವು ಬಾಡಿಗೆದಾರರಾಗಿದ್ದು ಮನೆ ಮಾಲೀಕರೇ ನೀರು ನಿಲ್ಲಿಸಿದ್ದರೆ ದಾರಿ ಸುಲಭ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ 1999ರ 29ನೇ ಕಲಂ ಪ್ರಕಾರ, ಸರಿಯಾದ ಕಾರಣವಿಲ್ಲದೆ ನೀರು, ಕರೆಂಟಿನಂಥ ಅಗತ್ಯ ಸೌಕರ್ಯ ಕಡಿತ ಮಾಡುವಂತಿಲ್ಲ. ಕೋರ್ಟಿನಲ್ಲಿ ಮಧ್ಯಂತರ ಆದೇಶ ಕೇಳಬಹುದು.

ನೆರೆಹೊರೆಯವರ ನಡುವಿನ ವ್ಯಾಜ್ಯಕ್ಕೆ ಸಿವಿಲ್ ಕೋರ್ಟು. ಅಲ್ಲಿ ಹಕ್ಕಿನ ಘೋಷಣೆ ಮತ್ತು ತಡೆಯಾಜ್ಞೆ ಕೇಳುತ್ತಾರೆ. ಹೊಡೆದಾಟದ ಭಯ ಇದ್ದರೆ ಇನ್ನೊಂದು ಬಾಗಿಲು ಇದೆ. ಜಾಗ ಅಥವಾ ನೀರಿನ ಬಳಕೆಯ ತಂಟೆಯಿಂದ ಶಾಂತಿ ಕದಡುವಂತಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 166ನೇ ಕಲಂನಡಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಆದೇಶ ಮಾಡಬಹುದು. ವರ್ಷವಿಡೀ ಬಳಸುವ ಹಕ್ಕಾದರೆ ಹಿಂದಿನ 3 ತಿಂಗಳೊಳಗೆ ಬಳಸಿರಬೇಕು ಎಂಬ ಷರತ್ತಿದೆ. ಸುಮ್ನೆ ಕಾಯುತ್ತ ಕೂತರೆ ಈ ಬಾಗಿಲು ಮುಚ್ಚುತ್ತದೆ. ಬೇಸಾಯದ ಬಾವಿಯಾದರೆ ತಹಸೀಲ್ದಾರರ ಮುಂದೆ 1906ರ ಮಾಮಲೇದಾರ್ ಕೋರ್ಟ್ ಕಾಯಿದೆಯಡಿ ಹೋಗಬಹುದು, 6 ತಿಂಗಳೊಳಗೆ. ಮನೆ ಬಳಕೆಯ ನೀರಿಗೆ ಇದು ನಡೆಯುವುದಿಲ್ಲ.

ಇಷ್ಟೆಲ್ಲ ಓಡಾಟಕ್ಕೆ ಮುಂಚೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಶಿವಾಜಿನಗರದ ಜಿಲ್ಲಾ ನ್ಯಾಯಾಲಯದಲ್ಲಿ. ಕೇಸು ಹಾಕದೆಯೇ ಲೋಕ ಅದಾಲತ್ತಿಗೆ ವಿಷಯ ಒಯ್ಯಬಹುದು, ಕೋರ್ಟ್ ಶುಲ್ಕವಿಲ್ಲ. ಇಬ್ಬರೂ ಒಪ್ಪಿ ಆದ ರಾಜಿ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ದಿನಾ ಮುಖ ನೋಡಬೇಕಾದವರ ಜಗಳಕ್ಕೆ ನನ್ನ ಮಟ್ಟಿಗೆ ಇದೇ ಒಗ್ಗುವ ದಾರಿ.

## ಕರಾರು ಬರೆಯುವುದಾದರೆ

ಸ್ಟಾಂಪ್ ಕಾಗದದ ಮೇಲೆ "ನೀರು ಕೊಡಲಾಗುವುದು" ಎಂದು ಒಂದು ಸಾಲು ಬರೆದರೆ ಸಾಲದು. ಮುಂದೆ ಮನೆ ಕೊಳ್ಳುವವರಿಗೂ ಅನ್ವಯಿಸಬೇಕು ಎಂದಿದ್ದರೆ ಅದನ್ನು ಈಸ್ಮೆಂಟ್ ಎಂದೇ ಬರೆದು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕು. ಒಳಗೆ ಏನಿರಬೇಕು ಎಂಬುದಕ್ಕೆ ಒಂದು ತುಣುಕು ಹೀಗಿರಬಹುದು:

"ಪ್ಲಾಟ್ ಒಂದರ ಬೋರಿನಿಂದ ಪ್ಲಾಟ್ ಎರಡರ ಒಂದು ಮನೆಗೆ, ಮನೆ ಬಳಕೆಗೆ ಮಾತ್ರ, ದಿನಕ್ಕೆ ಗರಿಷ್ಠ 600 ಲೀಟರ್. ಕರೆಂಟ್ ಖರ್ಚು ನೀರಿನ ಮೀಟರಿನಂತೆ. ಮೋಟಾರ್ ಸುಟ್ಟರೆ ಅದೇ ಅನುಪಾತ. ಬೋರಿನ ನೀರು ತಗ್ಗಿದರೆ ಎಲ್ಲರಿಗೂ ಅದೇ ಪ್ರಮಾಣದಲ್ಲಿ ಕಡಿತ. ಪೂರ್ತಿ ನಿಂತರೆ ಟ್ಯಾಂಕರ್ ಖರ್ಚು ಬಳಕೆಯಂತೆ."

ನೀರು ತಗ್ಗಿದರೆ ಏನು ಅನ್ನುವ ಸಾಲನ್ನೇ ಎಲ್ಲರೂ ಮರೆಯುವುದು, ಯಾಕೆಂದರೆ ಕರಾರು ಬರೆಯುವುದು ಹೆಚ್ಚಾಗಿ ಬೋರ್ ಹೊಸದಾಗಿ ಉಕ್ಕುತ್ತಿರುವಾಗ. ಮಳೆನೀರು ಇಂಗಿಸುವ ಷರತ್ತನ್ನೂ ಸೇರಿಸಬಹುದು. 1,000 ಚದರ ಅಡಿಯ ಚಾವಣಿಯ ಮೇಲೆ 700 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 65,000 ಲೀಟರ್. ಸೋರಿ ಆರಿ ಹೋದದ್ದು ಕಳೆದರೂ 50,000 ಲೀಟರ್ ಉಳಿಯುತ್ತದೆ. ಚಾವಣಿ ನಾಲ್ಕೂ ಮನೆಗೆ ಇದೆ, ಬೋರ್ ಒಬ್ಬರಿಗೇ ಇದ್ದರೂ.

## ಪಾಲಿಕೆಯ ನಳ ಬಂದ ಮೇಲೆ

ಒಂದು ದಿನ ಪಾಲಿಕೆಯ ಪೈಪ್ ಓಣಿಗೆ ಬರುತ್ತದೆ. ಆಗ ಬೋರ್ ಮಾಲೀಕರು "ಇನ್ನೇನು, ನಿಮಗೆ ನಳ ಬಂತಲ್ಲ" ಅನ್ನುತ್ತಾರೆ. ಹಕ್ಕು ಮುಗಿಯಿತೇ? ಯಾವ ಬಗೆಯ ಹಕ್ಕು ಎಂಬುದರ ಮೇಲೆ ಹೋಗುತ್ತದೆ. ಬೇರೆ ದಾರಿಯೇ ಇಲ್ಲ ಎಂಬ ಕಾರಣಕ್ಕೆ ಹುಟ್ಟಿದ ಈಸ್ಮೆಂಟ್ ಆ ಅಗತ್ಯ ತೀರಿದಾಗ ಮುಗಿಯುತ್ತದೆ. ಬರೆದು ಕೊಟ್ಟದ್ದು ಅಥವಾ 20 ವರ್ಷದ ರೂಢಿಯಿಂದ ಬಂದದ್ದು ನಳ ಬಂದ ಮಾತ್ರಕ್ಕೆ ಹೋಗುವುದಿಲ್ಲ. ಆದರೆ ಸತತ 20 ವರ್ಷ ಬಳಸದೆ ಬಿಟ್ಟರೆ ಅದೂ ಅಳಿಯುತ್ತದೆ. ಬರೀ ಅನುಮತಿಯಾಗಿದ್ದರೆ ಕಾಕಾ ಅಂದೇ ವಾಲ್ವ್ ಮುಚ್ಚಬಹುದು. ನಳದ ನೀರು ಎರಡು ದಿನಕ್ಕೊಮ್ಮೆ ಬರುವ ಓಣಿಯಾದರೆ, ಆ ವಾಲ್ವ್ ಮುಚ್ಚುವ ಮುಂಚೆಯೇ ಕೂತು ಮಾತಾಡಿ ಕಾಗದ ಮಾಡಿಕೊಳ್ಳುವುದು ಒಳ್ಳೆಯದು.